ಉದುರದೆ ಉಳಿದ ಎಲೆ

ಆಳಂದ ಕಡೆ ನಮ್ಮ ಕಾಕಾನ ತೊಗರಿ ಹೊಲವಿದೆ. ಕಾಯಿ ಬಲಿಯುವ ಹೊತ್ತಿಗೆ ಎಲೆ ಹಳದಿಯಾಗಿ ಉದುರುತ್ತದೆ. ಸಾಲಿನ ನಡುವೆ ಕಾಲಿಟ್ಟರೆ ಚರಚರ ಸದ್ದು. ಅಲ್ಲೇ ಎಲ್ಲಾದರೂ ಮುರಿದ ಟೊಂಗೆ ಇದ್ದರೆ ಗಮನಿಸಿ. ಅದರ ಎಲೆ ಒಣಗಿ ಮುದುಡಿದರೂ ಬೀಳದೆ ಜೋತಾಡುತ್ತಿರುತ್ತದೆ. ಎಲೆ ಉದುರಬೇಕಾದರೆ ತೊಟ್ಟಿನ ಬುಡದ ಜೀವಂತ ಕೋಶಗಳು ತಾವೇ ಬೆಸುಗೆ ಬಿಡಿಸಬೇಕು. ಗಾಳಿ ಬರೀ ನೆಪ. ಸತ್ತ ಟೊಂಗೆಗೆ ಆ ಕೆಲಸ ಆಗುವುದಿಲ್ಲ.

ನಮ್ಮ ಮೈಯ ಕೋಶಗಳೂ ಹೀಗೆ ಕ್ರಮವಾಗಿ ಸಾಯುತ್ತವೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಮಾತಿನಲ್ಲಿ ಅದು ಎಲೆ ಉದುರುವುದಕ್ಕೇ ಹೇಳುವ ಪದ.

ಒಂದು ಬೇಸಿಗೆಯಲ್ಲಿ ಕಾಕಾನಿಗೆ ಮೂತ್ರದಲ್ಲಿ ರಕ್ತ ಬಂತು. ನೋವಿಲ್ಲ, ಉರಿಯಿಲ್ಲ. "ಬಿಸಲಿಗಿ ಉಷ್ಣ ಆಗ್ಯಾದ, ಮಜ್ಜಿಗಿ ಕುಡದ್ರ ಹೋಗ್ತದ" ಅಂದರು. ಎರಡು ದಿನಕ್ಕೆ ನಿಂತೂ ಹೋಯಿತು. ಕಲಬುರಗಿ ಬಿಸಿಲಲ್ಲಿ ಈ ಮಾತನ್ನು ಯಾರು ನಂಬುವುದಿಲ್ಲ? ನಾಲ್ಕು ತಿಂಗಳ ಮೇಲೆ ಮತ್ತೆ ಬಂತು. ಈ ಸಲ ಮೂತ್ರದ ದಾರಿಯಿಂದ ದುರ್ಬೀನು ಹಾಕಿ ನೋಡಿದರು. ಮೂತ್ರಕೋಶದ ಒಳಗೋಡೆಯಲ್ಲಿ ಹೂಕೋಸಿನಂಥ ಸಣ್ಣ ಗಡ್ಡೆ. ಕ್ಯಾನ್ಸರ್.

ಕಾಕಾ ಹರೆಯದಿಂದ ಬೀಡಿ ಸೇದಿದವರು. ಹೊಗೆ ಹೋಗುವುದು ಎದೆಗೆ, ಮೂತ್ರಕೋಶಕ್ಕೇನು ಸಂಬಂಧ ಅನಿಸುತ್ತದೆ ಅಲ್ವಾ? ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸುತ್ತದೆ, ಸೋಸಿದ್ದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಒಳಗೋಡೆಯ ಕೋಶಗಳು ದಿನವೂ ಆ ನೀರಲ್ಲೇ ನೆನೆಯುತ್ತವೆ. 1895ರಲ್ಲೇ ಜರ್ಮನಿಯ ಲುಡ್ವಿಗ್ ರೆನ್ ಎಂಬ ಸರ್ಜನ್, ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಈ ಗಡ್ಡೆ ಗುರುತಿಸಿದ್ದರು. ಅಂಥ ಬಣ್ಣಗಳ ತಯಾರಿಕೆಯಲ್ಲಿದ್ದ ಕೆಲವು ವಿಷಗಳು ತಂಬಾಕಿನ ಹೊಗೆಯಲ್ಲೂ ಇವೆ.

ವಿಷ ತಾಗಿ ಡಿಎನ್‌ಎ ಕೆಟ್ಟರೆ ಪಿ53 ಎಂಬ ಪ್ರೋಟೀನು ಎಚ್ಚರಾಗುತ್ತದೆ. ರಿಪೇರಿ ಆಗುವಂತಿದ್ದರೆ ಕೋಶವನ್ನು ತಡೆದು ನಿಲ್ಲಿಸುತ್ತದೆ. ಆಗದಿದ್ದರೆ ಸಾಯಲು ಹೇಳುತ್ತದೆ. ಆಗ ಬ್ಯಾಕ್ಸ್ ಎಂಬ ಪ್ರೋಟೀನು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ತೂತು ಕೊರೆಯುತ್ತದೆ. ಅಲ್ಲಿಂದ ಸೋರಿದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು, ಕ್ಯಾಸ್ಪೇಸ್ ಎಂಬ ಕಿಣ್ವದ ಕತ್ತರಿಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಕೋಶ ಒಳಗಿನಿಂದಲೇ ತುಂಡಾಗಿ, ಚಿಕ್ಕಚಿಕ್ಕ ಪೊಟ್ಟಣವಾಗುತ್ತದೆ. ಅಕ್ಕಪಕ್ಕದವು ಅದನ್ನು ನುಂಗುತ್ತವೆ. ಬಾವಿಲ್ಲ, ಕೀವಿಲ್ಲ.

ಸ್ನಾಯುವಿಗೆ ಇಳಿದ ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಡ್ಡೆಗಳಲ್ಲಿ ಈ ಪಿ53ರ ಜೀನೇ ಕೆಟ್ಟಿರುತ್ತದೆ. ಸಾಯಲು ಹೇಳುವವರೇ ಇಲ್ಲ. ಇನ್ನು ಬಿಸಿಎಲ್-2 ಎಂಬ ಪ್ರೋಟೀನು ಜಾಸ್ತಿಯಾದರೆ ಬ್ಯಾಕ್ಸ್‌ನ ಕೈ ಕಟ್ಟುತ್ತದೆ. ಕೋಶ ಸಾಯದಂತೆ ತಡೆಯುವ ಸರ್ವೈವಿನ್ ಎಂಬ ಪ್ರೋಟೀನು ಗರ್ಭದ ಕೂಸಿನಲ್ಲಿ ಧಾರಾಳವಾಗಿದ್ದು, ದೊಡ್ಡವರ ಬಹುತೇಕ ಅಂಗಾಂಶಗಳಲ್ಲಿ ಸಿಗುವುದೇ ಇಲ್ಲ. ಆದರೆ ಮೂತ್ರಕೋಶದ ಗಡ್ಡೆಯಲ್ಲಿ ಮತ್ತೆ ತಲೆ ಎತ್ತುತ್ತದೆ, ರೋಗಿಯ ಮೂತ್ರದಲ್ಲೂ ಸಿಗುತ್ತದೆ. ಇಂಥ ಹತ್ತಾರು ಜೀನುಗಳನ್ನು ಒಟ್ಟಿಗೆ ಅಳೆದು, ಯಾರ ಗಡ್ಡೆ ಎಷ್ಟು ಉಗ್ರ ಎಂದು ಮೊದಲೇ ಅಂದಾಜು ಮಾಡಲು ಸಂಶೋಧಕರು ಯತ್ನಿಸುತ್ತಿದ್ದಾರೆ. ನನಗೆ ಅದರ ಮೇಲೆ ಆಸೆಯಿದೆ. ಆದರೆ ಇವತ್ತಿಗೆ ದುರ್ಬೀನು ಪರೀಕ್ಷೆಯ ಬದಲು ಅದನ್ನು ನಂಬುವ ಹಾಗಿಲ್ಲ.

ಕಾಕಾನ ಗಡ್ಡೆ ಸ್ನಾಯುವಿಗೆ ಇಳಿದಿರಲಿಲ್ಲ. ಕೆರೆದು ತೆಗೆದ ಮೇಲೆ ವಾರಕ್ಕೊಂದರಂತೆ ಆರು ಸಲ ನಳಿಗೆಯ ಮೂಲಕ ಬಿಸಿಜಿ ಬಿಟ್ಟರು. ಹೌದು, ಕ್ಷಯ ಬರದಂತೆ ಕೂಸುಗಳ ತೋಳಿಗೆ ಚುಚ್ಚುವ ಅದೇ ಬಿಸಿಜಿ. ಮೂತ್ರಕೋಶದ ಕ್ಯಾನ್ಸರ್‌ಗೆ ಇದು ನಾಟುತ್ತದೆ ಎಂದು 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ತೋರಿಸಿಕೊಟ್ಟರು. ಬಿಸಿಜಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಕಂಡು ರಕ್ಷಣಾ ಕೋಶಗಳು ಓಡಿ ಬರುತ್ತವೆ. ಬಂದವು ಗ್ರಾಂಜೈಮ್ ಎಂಬ ಕಿಣ್ವವನ್ನು ಕ್ಯಾನ್ಸರ್ ಕೋಶದ ಒಳಗೆ ತೂರಿಸಿ ಕ್ಯಾಸ್ಪೇಸ್ ಕತ್ತರಿಗಳನ್ನು ಎಬ್ಬಿಸಬಲ್ಲವು. ಅದಕ್ಕೆ ಪಿ53ರ ಅಪ್ಪಣೆ ಬೇಕಿಲ್ಲ.

ಮೊದಲ ದಿನ ಮದ್ದು ಬಿಟ್ಟು, ಎರಡು ಗಂಟೆ ಮೂತ್ರ ಹೋಗಬೇಡಿ ಅಂದಾಗ ಕಾಕಾ ಗೋಡೆ ಗಡಿಯಾರ ನೋಡುತ್ತಾ ಕೂತಿದ್ದರು. "ಇಷ್ಟ ಹೊತ್ತ ಒಳಗ ಏನ್ ಮಾಡ್ತದಪ್ಪಾ ಇದು?" ಅಂದರು. ನಾನು ತೊಗರಿ ಎಲೆಯ ಮಾತು ಹೇಳಿದೆ.