ಖಿನ್ನತೆಯ ಮಾತ್ರೆ: ಮೊದಲ ವಾರಗಳಲ್ಲಿ ಮಿದುಳಿನೊಳಗೆ ಏನಾಗುತ್ತದೆ?

“ಹತ್ತು ದಿನವಾಯಿತು ಡಾಕ್ಟ್ರೇ, ಹೊಟ್ಟೆ ತೊಳಸುವುದು ಬಿಟ್ಟರೆ ಬೇರೇನೂ ಆಗಿಲ್ಲ” ಎನ್ನುತ್ತ ರೋಗಿಗಳು ನನ್ನ ಮೇಜಿನ ಮೇಲಿಡುವ ಮಾತ್ರೆಯ ಪಟ್ಟಿಯಲ್ಲಿ ಎಷ್ಟೋ ಸಲ ಆರೇಳು ಗುಳಿಗಳಷ್ಟೇ ಖಾಲಿಯಾಗಿರುತ್ತವೆ. ಚಿಕಿತ್ಸೆ ಕೈತಪ್ಪುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಈ ಹಂತದಲ್ಲೇ ಆದ್ದರಿಂದ, ಆ ದಿನಗಳಲ್ಲಿ ಮಿದುಳಿನೊಳಗೆ ನಡೆಯುವುದನ್ನು ವಿವರಿಸಬೇಕೆನಿಸಿದೆ.

ಒಂದು ನರಕೋಶವು ಇನ್ನೊಂದಕ್ಕೆ ಸಂದೇಶ ಮುಟ್ಟಿಸಲು, ಅವೆರಡರ ನಡುವಿನ ಅತಿ ಕಿರಿದಾದ ಸಂದಿಗೆ ಸೆರೊಟೋನಿನ್‌ನಂಥ ರಾಸಾಯನಿಕವನ್ನು ಸ್ರವಿಸುತ್ತದೆ. ಕೆಲಸ ಮುಗಿದೊಡನೆ ಅದೇ ಕೋಶವು ಅದನ್ನು ಮರಳಿ ಒಳಕ್ಕೆ ಹೀರಿಕೊಳ್ಳುತ್ತದೆ. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್ ಮೊದಲಾದ ಔಷಧಗಳು ಈ ಮರುಹೀರಿಕೆಯನ್ನು ತಡೆಯುತ್ತವೆ. ಈ ತಡೆ ಬೀಳಲು ಕೆಲವೇ ಗಂಟೆಗಳು ಸಾಕು. ಮನಸ್ಸು ಹಗುರಾಗಲು ಮಾತ್ರ ವಾರಗಳೇ ಬೇಕು.

ಏಕೆಂದರೆ, ಸೆರೊಟೋನಿನ್ ಹೆಚ್ಚಿದ ಕೂಡಲೇ ಅದನ್ನು ಸ್ರವಿಸುವ ಕೋಶದ ಮೇಲೆಯೇ ಇರುವ ಕಾವಲು ಗ್ರಾಹಕಗಳು ಅದನ್ನು ಗುರುತಿಸಿ, ಸ್ರವಿಕೆಯನ್ನು ತಗ್ಗಿಸಿಬಿಡುತ್ತವೆ. ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಳ್ಳುತ್ತ ಹೋದಂತೆ, ಕೆಲವು ವಾರಗಳಲ್ಲಿ ಈ ಗ್ರಾಹಕಗಳ ಸೂಕ್ಷ್ಮತೆ ಕುಂದಿ ಕೋಶವು ಮೊದಲಿನ ವೇಗಕ್ಕೆ ಮರಳುತ್ತದೆ. ಮರುಹೀರಿಕೆಯ ತಡೆ ಹಾಗೆಯೇ ಇರುವುದರಿಂದ ಸೆರೊಟೋನಿನ್ ಪ್ರಮಾಣ ಆಗ ಚೆನ್ನಾಗಿ ಏರುತ್ತದೆ. ಇದರ ಜೊತೆಗೆ ನರಕೋಶಗಳ ನಡುವಿನ ಕೊಂಡಿಗಳು ಹೊಸದಾಗಿ ಹೆಣೆದುಕೊಳ್ಳುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ, ಮತ್ತು ಅದೂ ನಿಧಾನದ ಕೆಲಸವೇ. “ಸೆರೊಟೋನಿನ್ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬಿಕೊಡುತ್ತದೆ” ಎಂಬ ಸುಲಭದ ವಿವರಣೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ವಿಷಯ ಅಷ್ಟೇ ಆಗಿದ್ದರೆ ಮರುದಿನವೇ ಗುಣ ಕಾಣಬೇಕಿತ್ತು.

ಇನ್ನು ಹೊಟ್ಟೆ ತೊಳಸುವ ಮಾತು. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಕರುಳಿನಲ್ಲಿ. ಹೀಗಾಗಿ ಔಷಧದ ಬಿಸಿ ಮೊದಲು ಅಲ್ಲಿಗೆ ತಟ್ಟಿ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದರೆ ಒಂದು ಲಕ್ಷಣವನ್ನು ಕಾಯುತ್ತ ಕೂರುವಂತಿಲ್ಲ: ಆರಂಭದ ವಾರಗಳಲ್ಲಿ, ವಿಶೇಷವಾಗಿ 25 ವರ್ಷದೊಳಗಿನವರಲ್ಲಿ, ತಳಮಳ ಅಥವಾ ಸಾಯುವ ಯೋಚನೆ ಹೆಚ್ಚಿದರೆ ಅಂದೇ ವೈದ್ಯರಿಗೆ ತಿಳಿಸಬೇಕು.

ಗುಣದ ಮೊದಲ ಸುಳಿವು ಎಷ್ಟೋ ಸಲ ರೋಗಿಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ: ರಾತ್ರಿ ನಿದ್ದೆ ಹತ್ತುತ್ತದೆ, ಕರೆದರೆ ಉತ್ತರ ಬರುತ್ತದೆ. ಹಾಗೆ ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಔಷಧ ಮುಂದುವರಿಸಬೇಕಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಬೇಗನೆ ದೇಹದಿಂದ ಹೊರಹೋಗುವ ಪ್ಯಾರೊಕ್ಸೆಟಿನ್‌ನಲ್ಲಿ ಇದು ಹೆಚ್ಚು. ಇದು ಚಟವಲ್ಲ, ಬದಲಾದ ರಸಾಯನಕ್ಕೆ ಒಗ್ಗಿಕೊಂಡ ಮಿದುಳು ಹಿಂದಿರುಗಲು ಕೇಳುವ ಸಮಯ. ಆದ್ದರಿಂದ ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು.