‘ಮುಝೆ’ ಅಂತ ಶುರುವಾಗುವ ವಾಕ್ಯಕ್ಕೆ ಇಂಗ್ಲಿಷ್‌ನಲ್ಲಿ ಏನು ಮಾಡೋದು?

ಹಿಂದಿಯವರಿಗಾಗಿ ಮಾಡಿದ ಇಂಗ್ಲಿಷ್ ಪಾಠಗಳನ್ನು ಕನ್ನಡದವರು ಓದಿದರೆ ಲಾಭವೇ. ಎರಡು ಭಾಷೆಗಳ ಕುಟುಂಬ ಬೇರೆ, ನಿಜ. ಆದರೆ ವಾಕ್ಯ ಕಟ್ಟುವ ರೀತಿ ತುಂಬಾ ಹತ್ತಿರ, ಎರಡರಲ್ಲೂ ಕ್ರಿಯಾಪದ ಕೊನೆಗೇ ಬರೋದು. ಹಾಗಾಗಿ ಅವರು ಎಡವುವ ಎಷ್ಟೋ ಕಡೆ ನಾವೂ ಎಡವುತ್ತೇವೆ.

‘ಮುಝೆ’ ಅಂದರೆ ನಮ್ಮ ‘ನನಗೆ’. ಮುಝೆ ಬುಖಾರ್ ಹೈ, ಮುಝೆ ಪತಾ ಹೈ, ಮುಝೆ ಚಾಯ್ ಚಾಹಿಯೆ. ನನಗೆ ಜ್ವರ ಇದೆ, ನನಗೆ ಗೊತ್ತು, ನನಗೆ ಟೀ ಬೇಕು. ಒಂದೇ ಅಚ್ಚು ಅಲ್ವಾ? ಇಂಗ್ಲಿಷ್‌ನಲ್ಲಿ ‘ಟು ಮಿ’ ಅಂತ ಶುರು ಮಾಡಿದರೆ ಕೆಟ್ಟಿತು. ಆ ‘ಗೆ’ ಯಾರಿಗೆ ಅಂಟಿದೆಯೋ ಅವರನ್ನೇ ಕರ್ತೃ ಮಾಡಿ ಮೊದಲು ಕೂರಿಸಿ: ಐ ಹ್ಯಾವ್ ಎ ಫೀವರ್, ಐ ನೋ, ಐ ವಾಂಟ್ ಟೀ. (ಹೋಟೆಲಿನಲ್ಲಿ ‘ಐ ವಾಂಟ್ ಟೀ’ ಸ್ವಲ್ಪ ಒರಟು. ‘ಕೆನ್ ಐ ಹ್ಯಾವ್ ಎ ಟೀ, ಪ್ಲೀಸ್’ ಅನ್ನಿ.)

ಮುಂದಿನ ತೊಡಕು ‘ಹೈ’. ಅದನ್ನು ನೋಡಿದ ಕೂಡಲೇ ‘ಈಸ್’ ಅಂತ ಬರೆಯಬೇಡಿ. ಕೈಯಲ್ಲಿರುವ ವಸ್ತುವಿಗೆ ಹಿಂದಿಯಲ್ಲಿ ಮೇರೆ ಪಾಸ್ ಪೈಸೆ ಹೈಂ, ಬಂಧುಗಳಿಗೆ ಮೇರೆ ದೋ ಭಾಯಿ ಹೈಂ, ಜ್ವರಕ್ಕೆ ಮುಝೆ ಬುಖಾರ್ ಹೈ, ಹೀಗೆ ಮೂರು ದಾರಿ. ಇಂಗ್ಲಿಷ್ ಮೂರಕ್ಕೂ ‘ಐ ಹ್ಯಾವ್’ ಅನ್ನುತ್ತದೆ. ಹಸಿವಿಗೆ ಮಾತ್ರ ಇದು ನಡೆಯಲ್ಲ. ಮುಝೆ ಭೂಖ್ ಲಗೀ ಹೈ ಅನ್ನೋದು ‘ಐ ಆಮ್ ಹಂಗ್ರಿ’. ಚಳಿಯೂ ಹಾಗೇ, ‘ಐ ಆಮ್ ಕೋಲ್ಡ್’. ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ ಆಗಿದೆ ಅಂತ, ಎದುರಿನವರು ಸ್ವೆಟರ್ ಬದಲು ಮಾತ್ರೆ ಕೊಟ್ಟಾರು! ಇನ್ನು ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ನಮ್ಮ ದೇಶದಲ್ಲಿ ಎಲ್ಲೆಲ್ಲೂ ಕೇಳುತ್ತದೆ. ಅಣ್ಣಂದಿರಿಗೆ ಬರೀ ‘ಹ್ಯಾವ್’ ಸಾಕು. ಊಟ ಮಾಡ್ತಾ ಇದ್ದರೆ ಆಗ ‘ಐ ಆಮ್ ಹ್ಯಾವಿಂಗ್ ಲಂಚ್’ ಅನ್ನಬಹುದು, ಅಲ್ಲಿ ಹ್ಯಾವ್ ಅಂದರೆ ತಿನ್ನೋದು.

‘ಚಾಹಿಯೆ’ ಜೊತೆ ವಸ್ತು ಇದ್ದರೆ ವಾಂಟ್ ಅಥವಾ ನೀಡ್. ಕೆಲಸ ಇದ್ದರೆ ಶುಡ್. ಮುಝೆ ಜಾನಾ ಚಾಹಿಯೆ ಅಂದರೆ ‘ಐ ಶುಡ್ ಗೋ’, ಹೋಗೋದು ಒಳ್ಳೆಯದು ಅಂತ. ಮುಝೆ ಜಾನಾ ಹೈ ಅಂದರೆ ಸಾಮಾನ್ಯವಾಗಿ ‘ಐ ಹ್ಯಾವ್ ಟು ಗೋ’. ಜಾನಾ ಪಡೇಗಾ ಅಂದರೆ ಇಷ್ಟ ಇರಲಿ ಬಿಡಲಿ, ‘ಐ ವಿಲ್ ಹ್ಯಾವ್ ಟು ಗೋ’. ಇಲ್ಲಿ ಹಿಂದಿಯವರಿಗೆ ನಮಗಿಂತ ಸುಲಭ ಅಂತ ನನಗನಿಸುತ್ತದೆ, ಯಾಕಂದರೆ ನಾವು ‘ಹೋಗಬೇಕು’ ಒಂದರಲ್ಲೇ ಸಲಹೆ, ಆಸೆ, ಒತ್ತಾಯ ಎಲ್ಲಾ ಮುಗಿಸಿಬಿಡುತ್ತೇವೆ. ‘ಡಾಕ್ಟರ್ ಹತ್ತಿರ ಹೋಗಬೇಕು’ ಅಂತ ಅಜ್ಜಿ ಮೊಮ್ಮಗನಿಗೆ ಹೇಳಿದರೆ ಶುಡ್. ಅಪಾಯಿಂಟ್‌ಮೆಂಟ್ ಇದೆ ಅಂತ ನಾನು ಎದ್ದು ಹೊರಟರೆ ಹ್ಯಾವ್ ಟು. ‘ಒಂದ್ಸಲ ಹಂಪಿಗೆ ಹೋಗಬೇಕು ಕಣೋ’ ಅಂದರೆ ವಾಂಟ್ ಟು. ಕನ್ನಡ ವಾಕ್ಯ ಬರೆದು, ಇದು ಆಸೆಯೋ ಸಲಹೆಯೋ ಬಲವಂತವೋ ಅಂತ ಕೇಳಿಕೊಂಡು, ಆಮೇಲೆ ಇಂಗ್ಲಿಷ್‌ಗೆ ಹೋಗಿ.

ಪ್ರಶ್ನೆಯ ಬಗ್ಗೆ ಒಂದೇ ಮಾತು. ‘ಕ್ಯಾ ಆಪ್‌ಕೋ ಪತಾ ಹೈ’ ಇದರ ಕ್ಯಾ ಜಾಗಕ್ಕೆ ವಾಟ್ ಬರಲ್ಲ, ಡು ಬರುತ್ತದೆ: ಡು ಯು ನೋ? ನಮ್ಮ ‘ಗೊತ್ತಾ?’ದ ಕೊನೆಯ ‘ಆ’ ಮಾಡುವ ಕೆಲಸವೇ ಇದು.

ಕೊನೆಯದು ‘ಸೇ’, ನಮ್ಮ ‘ಇಂದ’. ದೋ ಸಾಲ್ ಸೇ ಯಹಾಂ ಹೂಂ, ಎರಡು ವರ್ಷದಿಂದ ಇಲ್ಲಿದ್ದೇನೆ. ಇದನ್ನು ‘ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್’ ಅಂತ ಮಾಡಿದರೆ ಎರಡು ತಪ್ಪು. ಎಷ್ಟು ಕಾಲ ಅನ್ನೋದಕ್ಕೆ ಫಾರ್, ಯಾವಾಗ ಶುರುವಾಯಿತು ಅನ್ನೋದಕ್ಕೆ ಸಿನ್ಸ್. ಅಂದು ಶುರುವಾಗಿ ಇವತ್ತಿನವರೆಗೂ ನಡೆದಿದ್ದರೆ ಆಮ್ ಬದಲು ಹ್ಯಾವ್ ಬೀನ್. ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್. ಐ ಹ್ಯಾವ್ ಬೀನ್ ಹಿಯರ್ ಸಿನ್ಸ್ 2022.

ಇವನ್ನು ಮಾಡಿ ನೋಡಿ: ನನಗೆ ಬೆಳಿಗ್ಗೆಯಿಂದ ತಲೆನೋವು. ಅವಳಿಗೆ ಒಬ್ಬ ತಮ್ಮ ಇದ್ದಾನೆ. ನಿಮಗೆ ಬಾಯಾರಿಕೆಯಾ? ನಾಳೆ ರಜೆ ಹಾಕಬೇಕಾಗುತ್ತದೆ.