ಕೆಡುಕು ಕೂತಿರುವುದು ಎಲ್ಲಿ? ತತ್ವಶಾಸ್ತ್ರ ಓದುವವರಿಗೊಂದು ಟಿಪ್ಪಣಿ

ಈ ಪಾಠದಲ್ಲಿ ಹೆಚ್ಚಿನವರು ಎಡವುವುದು ಶುರುವಿನಲ್ಲೇ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಧಾರ್ಮಿಕ’, ಬಲಕ್ಕೆ ‘ಲೌಕಿಕ’ ಎಂದು ಬರೆಯುತ್ತಾರೆ. ಎಡಗಡೆ ‘ದೇವರ ಆಜ್ಞೆ ಮೀರುವುದು’, ಬಲಗಡೆ ‘ಬೇರೆಯವರಿಗೆ ನೋವು ಕೊಡುವುದು’ ಎಂದು ತುಂಬಿ ಮುಗಿಸುತ್ತಾರೆ. ಹಾಗಾದರೆ ಬೌದ್ಧರನ್ನು, ಜೈನರನ್ನು ಎಲ್ಲಿ ಕೂರಿಸುತ್ತೀರಿ? ಅಲ್ಲಿ ಆಜ್ಞೆ ಕೊಡುವ ದೇವರೇ ಇಲ್ಲ. ಜರ್ಮನ್ ತತ್ವಜ್ಞಾನಿ ಕಾಂಟ್ ಬಲಗಡೆಯವನು ಅಂದುಕೊಂಡರೆ, ಅವನು ನೋವಿನ ಲೆಕ್ಕ ಹಾಕುವವನೇ ಅಲ್ಲ. ಗೆರೆ ಅಳಿಸಿ, ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಕೆಲಸವೊಂದನ್ನು ಕೆಟ್ಟದ್ದಾಗಿಸುವ ಅಂಶ ಎಲ್ಲಿದೆ? ಆಜ್ಞೆಯಲ್ಲೋ, ಕೊರತೆಯಲ್ಲೋ, ಮಾಡಿದವನ ಮನಸ್ಸಿನಲ್ಲೋ, ಆದ ಪರಿಣಾಮದಲ್ಲೋ?

ಮೊದಲು ಪದಗಳು

ಪಾಪ, ತಪ್ಪು, ಅಪರಾಧ, ಕೇಡು ಇವನ್ನು ಒಂದರ ಬದಲು ಇನ್ನೊಂದು ಎಂದು ಬಳಸಬೇಡಿ. ಅಪರಾಧಕ್ಕೆ ಕಾನೂನು ಬೇಕು. ಪಾಪಕ್ಕೆ ದೇವರೋ ಕರ್ಮವೋ ಬೇಕು. ತಪ್ಪಿಗೆ ‘ಸರಿ’ ಅನ್ನುವುದೊಂದಿದ್ದರೆ ಸಾಕು, ಕೂಡಿಸುವ ಲೆಕ್ಕದಲ್ಲೂ ತಪ್ಪಾಗುತ್ತದೆ. ಕೇಡಿಗೆ ಮಾಡುವವನೇ ಬೇಕಿಲ್ಲ, ಬರಗಾಲವೂ ಕೇಡೇ. (ಪಾಪದ ಕಥೆಯಂತೂ ವಿಚಿತ್ರ. ಹೊಡೆದವನು ಮಾಡಿದ್ದೂ ಪಾಪ, ಹೊಡೆತ ತಿಂದವನನ್ನು ಕಂಡು ನಾವು ಅನ್ನುವುದೂ ‘ಅಯ್ಯೋ ಪಾಪ’.) ಇಲ್ಲಿ ‘ಕೆಡುಕು’ ಎಂಬುದನ್ನು ಎಲ್ಲಕ್ಕೂ ಹೊಂದುವ ಪದವಾಗಿ ಇಟ್ಟುಕೊಂಡಿದೆ.

ಕೊರತೆಯಲ್ಲಿ

ಆಗಸ್ಟೀನ್ (354–430) ಸುಮಾರು ಒಂಬತ್ತು ವರ್ಷ ಮಾನಿ ಪಂಥದಲ್ಲಿದ್ದವನು. ಬೆಳಕು, ಕತ್ತಲೆ ಎರಡೂ ಸ್ವತಂತ್ರ ಶಕ್ತಿಗಳೆಂಬುದು ಆ ಪಂಥದ ನಂಬಿಕೆ. ಅದನ್ನು ಬಿಟ್ಟು ಕ್ರೈಸ್ತನಾದ ಮೇಲೆ ಅವನಿಗೊಂದು ಇಕ್ಕಟ್ಟು: ದೇವರು ಮಾಡಿದ್ದೆಲ್ಲ ಒಳ್ಳೆಯದಾದರೆ ಕೆಡುಕನ್ನು ಮಾಡಿದವರು ಯಾರು? ಯಾರೂ ಮಾಡಿಲ್ಲ, ಅದು ವಸ್ತುವೇ ಅಲ್ಲ ಎಂಬುದು ಅವನ ಉತ್ತರ. ‘ಹಾಲು ಕೆಟ್ಟಿತು’ ಎಂಬ ಮಾತನ್ನೇ ನೋಡಿ. ಕೆಡುಕು ಎಂಬ ಪದಾರ್ಥ ಹೊರಗಿನಿಂದ ಬಂದು ಸೇರಿತು ಅಂತಲ್ಲ, ಹಾಲಿಗಿದ್ದ ಒಳ್ಳೆಯತನ ಹೋಯಿತು ಅಂತ. ಬ್ಯಾಕ್ಟೀರಿಯಾ ಸೇರಿತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಬ್ಯಾಕ್ಟೀರಿಯಾ ತನ್ನ ಮಟ್ಟಿಗೆ ಚೆನ್ನಾಗಿಯೇ ಇದೆ, ಕೆಟ್ಟದ್ದು ಹಾಲು ಮಾತ್ರ. ಆಗಸ್ಟೀನ್ ಕೊಡುವ ಉದಾಹರಣೆ ಗಾಯದ್ದು: ಗಾಯ ವಾಸಿಯಾದಾಗ ಅದು ಇನ್ನೆಲ್ಲಿಗೋ ಎದ್ದು ಹೋಗುವುದಿಲ್ಲ, ಸುಮ್ಮನೆ ಇಲ್ಲವಾಗುತ್ತದೆ.

ಅಂಕ ಹೋಗುವುದು ಇಲ್ಲಿ: ಎಲ್ಲ ‘ಇಲ್ಲ’ಗಳೂ ಕೆಡುಕಲ್ಲ. ಕಲ್ಲಿಗೆ ಕಣ್ಣಿಲ್ಲ, ಅದನ್ನು ಯಾರೂ ಕುರುಡು ಅನ್ನುವುದಿಲ್ಲ. ಇರಬೇಕಾದದ್ದು ಇಲ್ಲದಿದ್ದರೆ ಮಾತ್ರ ಕೊರತೆ. ಇದಕ್ಕೆ ಬರುವ ಗಟ್ಟಿ ಆಕ್ಷೇಪ ನೋವಿನ ಕಡೆಯಿಂದ. ಹಲ್ಲುನೋವು ಬಂದವನಿಗೆ ಅದು ಯಾವುದರದ್ದೋ ಇಲ್ಲದಿರುವಿಕೆ ಅನ್ನಿಸುವುದಿಲ್ಲ, ಅಲ್ಲೇ ಇದೆ ಅನ್ನಿಸುತ್ತದೆ.

ಆಜ್ಞೆಯಲ್ಲಿ

ಪ್ಲೇಟೋನ ಸಂವಾದವೊಂದರಲ್ಲಿ ಸಾಕ್ರಟೀಸ್ ಎತ್ತುವ ಪ್ರಶ್ನೆಯನ್ನು ನಮ್ಮ ವಿಷಯಕ್ಕೆ ತಿರುಗಿಸಿದರೆ ಹೀಗಾಗುತ್ತದೆ: ದೇವರು ಬೇಡವೆಂದದ್ದರಿಂದ ಅದು ಕೆಟ್ಟದ್ದೋ, ಕೆಟ್ಟದ್ದಾದ್ದರಿಂದ ದೇವರು ಬೇಡವೆಂದನೋ? ಇಸ್ಲಾಮಿನ ಒಳಗೇ ಇದಕ್ಕೆ ಎರಡೂ ಉತ್ತರಗಳಿವೆ. ಅಶ್‌ಅರಿ ಪಂಥದ ಪ್ರಕಾರ ಸುಳ್ಳು ಕೆಟ್ಟದ್ದಾಗಿರುವುದು ದೇವರು ಹಾಗೆ ವಿಧಿಸಿದ್ದರಿಂದ. ಅವನು ಒಳ್ಳೆಯದೆಂದು ವಿಧಿಸಿದ್ದರೆ ಅದು ಒಳ್ಳೆಯದೇ ಆಗುತ್ತಿತ್ತು. ಮುಅತಜಿಲಾ ಪಂಥದವರು ಒಪ್ಪುವುದಿಲ್ಲ. ಅನ್ಯಾಯ ತನ್ನಷ್ಟಕ್ಕೇ ಕೆಟ್ಟದ್ದು, ಬುದ್ಧಿಯಿಂದಲೇ ಅದು ತಿಳಿಯುತ್ತದೆ ಅನ್ನುತ್ತಾರೆ. ಈ ವಿಷಯದಲ್ಲಿ ಮುಅತಜಿಲಾದವರು ಅಶ್‌ಅರಿಗಳಿಗಿಂತ, ನೀತಿಯನ್ನು ಬುದ್ಧಿಯಲ್ಲೇ ಹುಡುಕುವ ಕಾಂಟ್‌ಗೇ ಹತ್ತಿರ.

ಮನಸ್ಸಿನಲ್ಲಿ

ಇದನ್ನು ನಿಧಾನವಾಗಿ ಓದಿ, ಪಾಠದ ಸಾರವೆಲ್ಲ ಇಲ್ಲಿದೆ.

ಜೈನ ಆಚಾರ್ಯ ಉಮಾಸ್ವಾತಿ ಹಿಂಸೆಗೆ ಕೊಡುವ ಲಕ್ಷಣದಲ್ಲಿ ಎರಡು ಭಾಗಗಳಿವೆ: ಪ್ರಮಾದದ ಯೋಗ (ಎಚ್ಚರವಿಲ್ಲದ ನಡೆ) ಮತ್ತು ಪ್ರಾಣಹರಣ. ಯಾವುದಕ್ಕೆ ತೂಕ ಹೆಚ್ಚು? ಕುಂದಕುಂದಾಚಾರ್ಯರ ಉತ್ತರ ಖಡಾಖಂಡಿತ: ಜೀವ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆ ತಪ್ಪಿದ್ದಲ್ಲ. ನೆಲ ನೋಡಿಕೊಂಡು ಹೆಜ್ಜೆಯಿಡುವ ಮುನಿಯ ಕಾಲಡಿಗೆ ಹುಳುವೊಂದು ಬಂದು ಸತ್ತರೆ ಅಷ್ಟರಿಂದಲೇ ಅವನಿಗೆ ಕರ್ಮಬಂಧವಿಲ್ಲ. ನೋಡದೆ ನಡೆದವನ ಕಾಲಡಿ ಏನೂ ಸಾಯದಿದ್ದರೂ ಅವನು ಹಿಂಸಕನೇ.

ಇದರ ಪಕ್ಕಕ್ಕೆ 1976ರಲ್ಲಿ ತತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎತ್ತಿದ ‘ನೈತಿಕ ಅದೃಷ್ಟ’ದ ಪ್ರಶ್ನೆ ಇಡಿ. ಇಬ್ಬರು ಕುಡಿದು ಗಾಡಿ ಓಡಿಸುತ್ತಾರೆ. ಒಬ್ಬನಿಗೆ ಮಗು ಅಡ್ಡ ಬಂದು ಸಾಯುತ್ತದೆ, ಇನ್ನೊಬ್ಬ ಮನೆ ಸೇರುತ್ತಾನೆ. ಮೊದಲನೆಯವನನ್ನು ನಾವು ಹೆಚ್ಚು ದೂರುತ್ತೇವೆ, ಕಾನೂನೂ ಅವನಿಗೇ ಹೆಚ್ಚು ಶಿಕ್ಷೆ ಕೊಡುತ್ತದೆ. ಆದರೆ ಇಬ್ಬರೂ ಮಾಡಿದ್ದು ಒಂದೇ. ಕುಂದಕುಂದರ ಅಳತೆಗೋಲಿನಲ್ಲಿ ಇಬ್ಬರೂ ಸಮ. ಕುಂದಕುಂದರ ಶತಮಾನಗಳ ಹಿಂದಿನ ಪ್ರಾಕೃತ ಗಾಹೆಯೊಂದು (ಪದ್ಯವೊಂದು) ಲೌಕಿಕ ಚರ್ಚೆಯ ನಟ್ಟನಡುವೆ ಬಂದು ಕೂರುವುದು ಹೀಗೆ.

ಬುದ್ಧನೂ ಚೇತನೆಯೇ, ಅಂದರೆ ಸಂಕಲ್ಪವೇ ಕರ್ಮ ಅನ್ನುತ್ತಾನೆ. ಕೆಡುಕಿನ ಬೇರುಗಳು ಲೋಭ, ದ್ವೇಷ, ಮೋಹ. ಆದರೆ ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಹೇಳುವುದು ಕೇಳಿ: ತಿಳಿಯದೆ ಪಾಪ ಮಾಡಿದವನಿಗೇ ದೋಷ ಹೆಚ್ಚು. ಕಾದ ಕಬ್ಬಿಣದ ಗುಂಡನ್ನು ತಿಳಿಯದೆ ಹಿಡಿದವನ ಕೈಯೇ ಹೆಚ್ಚು ಸುಡುತ್ತದಲ್ಲವೇ? ಚೇತನೆಯೇ ಕರ್ಮ ಎಂಬ ಮಾತಿಗೆ ಇದು ಮೇಲ್ನೋಟಕ್ಕೆ ಎದುರು. ಇಲ್ಲಿನ ‘ತಿಳಿಯದೆ’ಯನ್ನು ಆಕಸ್ಮಿಕ ಎಂದಲ್ಲ, ಇದು ಕೆಟ್ಟದ್ದೆಂಬ ಅರಿವೇ ಇಲ್ಲದ ಮೋಹ ಎಂದು ಓದಿದರೆ ಗಂಟು ಸಡಿಲವಾಗುತ್ತದೆ. ಅರಿವಿಲ್ಲದವನು ಕೈ ಹಿಂತೆಗೆಯುವುದಿಲ್ಲ.

ಕಾಂಟ್ 1793ರಲ್ಲಿ ಹೇಳಿದ ‘ಮೂಲ ಕೆಡುಕ’ನ್ನು ‘ಘೋರ ಕೆಡುಕು’ ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಅವನು ಅಂದದ್ದು ಬೇರಿನಲ್ಲಿರುವುದು ಎಂದು, ಭೀಕರವಾದದ್ದು ಎಂದಲ್ಲ. ನೀತಿ ಮತ್ತು ಸ್ವಪ್ರೀತಿ ಎರಡೂ ಎಲ್ಲರಲ್ಲೂ ಇವೆ. ಅವುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮ ತಲೆಕೆಳಗಾಗುವುದೇ ಕೆಡುಕು. ‘ನನಗೆ ಅನುಕೂಲವಾಗುವಷ್ಟು ದಿನ ನಿಜ ಹೇಳುತ್ತೇನೆ’ ಅನ್ನುವವನು ಒಂದೂ ಸುಳ್ಳು ಹೇಳದೆ ಈ ಲೆಕ್ಕಕ್ಕೆ ಸೇರುತ್ತಾನೆ.

ಪರಿಣಾಮದಲ್ಲಿ

ಇಂಗ್ಲಿಷ್ ಚಿಂತಕ ಬೆಂಥಮ್ (1789ರ ಪುಸ್ತಕದಲ್ಲಿ) ಇದರ ಪೂರ್ತಿ ಎದುರು. ತನ್ನಷ್ಟಕ್ಕೇ ಕೆಟ್ಟದ್ದಾದ ಪ್ರೇರಣೆ ಎಂಬುದೇ ಇಲ್ಲ, ನೋವೊಂದೇ ಕೆಟ್ಟದ್ದು ಅನ್ನುತ್ತಾನೆ. ಲೆಕ್ಕ ಸರಳ, ಆದರೆ ಸಣ್ಣ ತಪ್ಪಿಗೂ ಘೋರ ಕೃತ್ಯಕ್ಕೂ ಇರುವುದು ಪ್ರಮಾಣದ ವ್ಯತ್ಯಾಸವಷ್ಟೇ ಎಂದಾಗುತ್ತದೆ.

ಆದೇಶ ಪಾಲಿಸಿದವನಲ್ಲಿ?

ಯಹೂದಿಗಳ ಸಾಮೂಹಿಕ ಹತ್ಯೆಯಲ್ಲಿ ಪಾಲ್ಗೊಂಡ ನಾಜಿ ಅಧಿಕಾರಿ ಐಖ್‌ಮನ್‌ನ 1961ರ ವಿಚಾರಣೆಯನ್ನು ನೋಡಿ ಚಿಂತಕಿ ಹಾನ್ನಾ ಆರೆಂಟ್ 1963ರಲ್ಲಿ ಬರೆದ ‘ಕೆಡುಕಿನ ಮಾಮೂಲಿತನ’ ಎಂಬ ಮಾತಿಗೆ ಕೆಡುಕು ಮಾಮೂಲಿ ಎಂಬ ಅರ್ಥವಿಲ್ಲ, ಅವನು ನಿರಪರಾಧಿ ಎಂಬ ಅರ್ಥವಂತೂ ಇಲ್ಲವೇ ಇಲ್ಲ. ಮರಣದಂಡನೆಯನ್ನು ಆಕೆ ಒಪ್ಪಿದ್ದರು. ಆಕೆ ಹೇಳಿದ್ದು ಯೋಚಿಸುವುದನ್ನೇ ಬಿಟ್ಟವನ ಬಗ್ಗೆ. ಐಖ್‌ಮನ್ ನಿಜಕ್ಕೂ ಅಂಥವನೇ ಎಂಬುದರಲ್ಲಿ ಇತಿಹಾಸಕಾರರ ತಕರಾರಿದೆ, ಆದ್ದರಿಂದ ವ್ಯಕ್ತಿಯನ್ನೂ ವಾದವನ್ನೂ ಬೇರೆ ಬೇರೆ ಇಟ್ಟು ಬರೆಯಿರಿ. ಅದೇ ವರ್ಷ ಪ್ರಕಟವಾದ ಮಿಲ್‌ಗ್ರಾಮ್ ಪ್ರಯೋಗದಲ್ಲಿ, ಇನ್ನೊಬ್ಬನಿಗೆ ವಿದ್ಯುತ್ ಶಾಕ್ ಕೊಡಿ ಎಂದು ಆದೇಶಿಸಿದಾಗ, 40 ಜನರ ಪೈಕಿ 26 ಮಂದಿ 450 ವೋಲ್ಟ್‌ನ ಕೊನೆಯ ಗುಂಡಿಯವರೆಗೂ ಹೋದರು. ಶಾಕ್ ನಿಜವಾಗಿರಲಿಲ್ಲ, ಒತ್ತಿದವರಿಗೆ ಅದು ಗೊತ್ತಿರಲಿಲ್ಲ.

ಅಭ್ಯಾಸಕ್ಕೆ

ಒಬ್ಬ ವಿಷವೆಂದುಕೊಂಡು ರೋಗಿಗೆ ಸಕ್ಕರೆ ಪುಡಿ ಕೊಟ್ಟ, ರೋಗಿಗೆ ಏನೂ ಆಗಲಿಲ್ಲ. ಇನ್ನೊಬ್ಬ ಔಷಧವೆಂದುಕೊಂಡು ವಿಷ ಕೊಟ್ಟ, ರೋಗಿ ಸತ್ತ. ನಾಲ್ಕೂ ಪ್ರಶ್ನೆಗಳನ್ನು ಎರಡಕ್ಕೂ ಹಾಕಿ, ಒಂದೊಂದಕ್ಕೆ ಎರಡೇ ವಾಕ್ಯದಲ್ಲಿ ಉತ್ತರ ಬರೆಯಿರಿ. ಎರಡನೆಯವನು ಶೀಶೆಯ ಮೇಲಿನ ಚೀಟಿ ಓದಿದ್ದನೋ ಇಲ್ಲವೋ ಎಂಬುದನ್ನು ಬೇಕೆಂದೇ ಹೇಳಿಲ್ಲ. ಓದಿರಲಿಲ್ಲ ಎಂದಿಟ್ಟುಕೊಂಡು ಒಮ್ಮೆ, ಓದಿಯೂ ಮೋಸಹೋದ ಎಂದಿಟ್ಟುಕೊಂಡು ಇನ್ನೊಮ್ಮೆ ಬರೆದು ನೋಡಿ. ಕುಂದಕುಂದರ ಉತ್ತರ ಬದಲಾಗುತ್ತದೆ, ಬೆಂಥಮ್‌ನ ಲೆಕ್ಕದಲ್ಲಿ ನೋವು ಅಷ್ಟೇ ಇರುತ್ತದೆ.